ಬೊಳ್ಳೆ, ಕೆಮ್ಮೈರೆ ಮತ್ತು ಒಂದು ಟಿವಿ ಗೇಮು

ನಮ್ಮ ಮನೆಯಲ್ಲಿ ಪೆಟ್ಟಿಗೂ ಒಂದು ಕ್ರಮ ಇತ್ತು. ಬರಿಗೈಯ ಪೆಟ್ಟು ಜಗಲಿಯಲ್ಲಿ, ಬೆಲ್ಟಿನದ್ದು ಒಳಕೋಣೆಯಲ್ಲಿ, ಸೌದೆ ತುಂಡಿನದ್ದು ಅಡಿಗೆಮನೆಯಲ್ಲಿ. ಫರಂಗಿಪೇಟೆಯ ಹಂಚಿನ ಕಾರ್ಖಾನೆಯ ಹಿಂಬದಿಯ ಆ ಲೈನ್ ಮನೆಯಲ್ಲಿ ಇದ್ದದ್ದೇ ಆ ಮೂರು ಜಾಗ. ಹಾಗಾಗಿ ಪೆಟ್ಟು ಬೀಳದ ಮೂಲೆ ಅಂತ ಒಂದೂ ಇರಲಿಲ್ಲ. ಅಪ್ಪ ಕಾರ್ಖಾನೆಯಲ್ಲಿ ಹಂಚು ಒತ್ತುವ ಯಂತ್ರದ ಮೇಲೆ ಕೆಲಸಕ್ಕಿದ್ದ. ದಿನವಿಡೀ ಅದರ ಹಿಡಿ ಎಳೆದು ಎಳೆದು ಅವನ ಬಲಗೈ ಎಡಗೈಗಿಂತ ದಪ್ಪ ಆಗಿತ್ತು. ನೋಡಿದವರಿಗೆ ಅದು ತಿಳಿಯುತ್ತಿರಲಿಲ್ಲ, ತಿಂದವರಿಗೆ ತಿಳಿಯುತ್ತಿತ್ತು. ಓದುವವರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಅಪ್ಪನನ್ನು ‘ಇದ್ದರು, ಬಂದರು’ ಎಂದು ಬರೆಯುವುದು ನಮ್ಮ ಕಡೆಯ ಮರ್ಯಾದೆ. ಬೆಳ್ತಂಗಡಿಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಕನ್ನಡ ಕಲಿಸುವವಳು ನಾನು, ಬಹುವಚನ ಎಲ್ಲಿ ಹಾಕಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಅಧ್ಯಾಯದಲ್ಲಿ ಹಾಕುವುದಿಲ್ಲ, ಅಷ್ಟೆ.

ಅಪ್ಪನಿಗೆ ಕಾರ್ಖಾನೆ ಹೊಟ್ಟೆಪಾಡು, ಕೋಳಿಅಂಕ ಪ್ರಾಣ. ಕೋಳಿಯ ಕಾಲಿಗೆ ಬೆರಳುದ್ದದ ಚೂರಿ ಕಟ್ಟಿ ಎರಡನ್ನು ಎದುರುಬದುರು ಬಿಡುವ ಆಟ ಅದು. ಕೆಲವೊಮ್ಮೆ ಒಂದೇ ನೆಗೆತಕ್ಕೆ ಮುಗಿಯುತ್ತದೆ. ಸೋತ ಕೋಳಿ ಗೆದ್ದವನ ಪಾಲು, ಸತ್ತಿದ್ದರೂ ಸರಿ. ನಮ್ಮ ಜಗಲಿಯಲ್ಲಿ ಯಾವಾಗಲೂ ಎರಡು ಬೆತ್ತದ ಬುಟ್ಟಿ ಬೋರಲು ಹಾಕಿರುತ್ತಿದ್ದವು. ಒಂದರ ಅಡಿಯಲ್ಲಿ ಬಿಳಿ ಹುಂಜ, ಇನ್ನೊಂದರ ಅಡಿಯಲ್ಲಿ ಕೆಂಪು. ತುಳುವಿನಲ್ಲಿ ಅಂಕದ ಕೋಳಿಗೆ ಬಣ್ಣವೇ ಹೆಸರು. ಬಿಳಿಯದು ಬೊಳ್ಳೆ, ಕೆಂಪಿನದು ಕೆಮ್ಮೈರೆ. ಅವಕ್ಕೆ ನೆನೆಸಿದ ರಾಗಿ, ಬೇಯಿಸಿದ ಮೊಟ್ಟೆಯ ಹಳದಿ. ನಮಗೆ, ಅಂದರೆ ನನಗೂ ತಮ್ಮ ದಿನೇಶನಿಗೂ, ಆ ಮೊಟ್ಟೆಯ ಬಿಳಿ. ಬಿಳಿಯನ್ನು ಎರಡು ಪಾಲು ಮಾಡುವಾಗ ದಿನುವೂ ನಾನೂ ಉಗುರಿನಿಂದ ಒಬ್ಬರನ್ನೊಬ್ಬರು ಗೀರಿಕೊಳ್ಳುತ್ತಿದ್ದೆವು. ಅಮ್ಮ ಬಾಗಿಲ ಬಳಿ ಕಾಲು ನೀಡಿ ಕೂತು ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದವಳು, ತಲೆಯೆತ್ತದೆ ಹೇಳುತ್ತಿದ್ದಳು:

“ಕೋಳಿಗೆ ಹಾಕಿದ್ದರಲ್ಲಿ ಅರ್ಧ ಮಕ್ಕಳಿಗೆ ಹಾಕಿದ್ರೆ, ಇವು ಹೀಗೆ ಕಚ್ಚಾಡ್ತಿರ್ಲಿಲ್ಲ.”

“ಕೋಳಿ ಗೆದ್ದು ಬರ್ತದೆ. ಇವು ಎಂತ ಗೆದ್ದು ಬರ್ತವೆ?” ಎಂದು ಅಪ್ಪ.

ಅಪ್ಪನ ಬಳಿ ಕುಕ್ಕುಟ ಪಂಚಾಂಗ ಇತ್ತು. ಯಾವ ವಾರ, ಯಾವ ನಕ್ಷತ್ರಕ್ಕೆ ಯಾವ ಬಣ್ಣದ ಕೋಳಿ ಗೆಲ್ಲುತ್ತದೆ ಎಂದು ತಿಳಿಸುವ ಪುಸ್ತಕ. ಅಪ್ಪನಿಗೆ ಅಕ್ಷರ ಕೂಡಿಸಿ ಓದಲು ಬರುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ನಾನೇ ಓದಿ ಹೇಳಬೇಕು. ತಪ್ಪಿ ಓದಿದರೆ ತಲೆಗೆ ಒಂದು ಮೊಟಕು. ನನ್ನ ಕನ್ನಡ ಸ್ಪಷ್ಟ ಆದದ್ದು ಶಾಲೆಯಲ್ಲಿ ಅಲ್ಲ, ಆ ಮೊಟಕಿನಲ್ಲಿ. ಆ ಪುಸ್ತಕದ ಕರ್ಮ ಏನೆಂದರೆ, ಕೆಲವು ದಿನ ಬಿಳಿಗೂ ಜಯ, ಕೆಂಪಿಗೂ ಜಯ ಎಂದು ಬರೆದಿರುತ್ತಿತ್ತು. ಆಗ ಅಪ್ಪ ಎರಡು ಬುಟ್ಟಿಗಳ ನಡುವೆ ಕುಕ್ಕರಗಾಲಲ್ಲಿ ಕೂತು ಬೀಡಿ ಸೇದುತ್ತಾ, ಸಿಕ್ಕಿದವರಿಗೆ ಬೈಯುತ್ತಾ ಇರುತ್ತಿದ್ದ. ಆ ಹೊತ್ತಿನಲ್ಲಿ ನಾವು ಯಾರೂ ಅವನ ಕೈಗೆ ಸಿಗುವ ದೂರದಲ್ಲಿ ನಡೆದಾಡುತ್ತಿರಲಿಲ್ಲ.

ನಾನು ಏಳನೆಯ ತರಗತಿ, ದಿನು ನಾಲ್ಕನೆಯದರಲ್ಲಿರುವಾಗ, ಮುಂಬಯಿಯ ಹೋಟೆಲಿನಲ್ಲಿದ್ದ ಸೋದರಮಾವ ಊರಿಗೆ ಬಂದವನು ಒಂದು ಟಿವಿ ಗೇಮು ತಂದುಕೊಟ್ಟ. ಕಪ್ಪು ಪೆಟ್ಟಿಗೆ, ಅದರ ಬಾಯಿಗೆ ಸಿಕ್ಕಿಸುವ ಹಳದಿ ಕ್ಯಾಸೆಟ್ಟು, ವೈರಿನ ತುದಿಯಲ್ಲಿ ಎರಡು ರಿಮೋಟು. ಅಯ್ಯೋ, ಆ ದಿನದ ಸಂತೋಷವನ್ನು ಈಗ ಯಾರಿಗೆ ಹೇಳಲಿ! ಲೈನಿನ ಏಳು ಮನೆಯ ಮಕ್ಕಳು ನಮ್ಮ ಕಿಟಕಿಗೆ ನೇತುಬಿದ್ದರು. ನಮ್ಮದು ಕಪ್ಪು-ಬಿಳುಪು ಟಿವಿ. ಕ್ಯಾಸೆಟ್ಟಿನಲ್ಲಿ ಹತ್ತಾರು ಆಟ ಇದ್ದರೂ ನಾವು ಅಂಟಿಕೊಂಡದ್ದು ಒಂದಕ್ಕೆ. ಇಬ್ಬರು ನಿಲುವಂಗಿಯ ಗಂಡಸರು ಎದುರುಬದುರು ನಿಂತು ಒದೆಯುವ, ಗುದ್ದುವ ಆಟ. ಒಬ್ಬನ ಅಂಗಿ ಬಿಳಿ, ಇನ್ನೊಬ್ಬನದ್ದು ಬೂದಿ ಬಣ್ಣ. ಹಿಂದಕ್ಕೆ ಸರಿಯುವ ಗುಂಡಿ ಒತ್ತಿ ಹಿಡಿದರೆ ಎದುರಿನವನ ಏಟು ತಾಗುವುದಿಲ್ಲ. ನಾನು ಬಿಳಿಯವನು, ದಿನು ಬೂದಿಯವನು. ಹೇಳದಿದ್ದರೆ ತಪ್ಪಾದೀತು, ಗೆಲ್ಲುತ್ತಿದ್ದದ್ದು ನಾನು. ದಿನುವಿಗೆ ಅವಸರ. ಬರೇ ಒದೆಯುತ್ತಿದ್ದ, ತಡೆಯುತ್ತಿರಲಿಲ್ಲ.

ಒಂದು ಭಾನುವಾರ ಪಂಚಾಂಗ ಎರಡೂ ಬಣ್ಣಕ್ಕೆ ಜಯ ಎಂದಿತು. ಅಪ್ಪ ಜಗಲಿಯಿಂದ ಒಳಗೆ ಬಂದು ನಮ್ಮ ಬೆನ್ನ ಹಿಂದೆ ನಿಂತ. ನಾವು ಆಟ ನಿಲ್ಲಿಸಿ ಎದ್ದು ನಿಂತೆವು.

“ಕೂತ್ಕೊಳ್ಳಿ. ಬಿಳಿ ಯಾರು?”

“ನಾನು ಅಪ್ಪ.”

“ಹಾಗಾದ್ರೆ ಅವನು ಕೆಮ್ಮೈರೆ.”

“ಅದು ಕೆಂಪು ಅಂತ ಗೊತ್ತಿಲ್ಲ ಅಪ್ಪ, ನಮ್ಮ ಟಿವಿಯಲ್ಲಿ...” ಎಂದು ದಿನು ಬಾಯಿ ತೆಗೆದ.

“ಬಿಳಿ ಅಲ್ಲದ್ದು ಕೆಂಪು. ಆಡಿ ನೋಡುವ.”

ನಾನು ಗೆದ್ದೆ. ಅಪ್ಪ ಬೊಳ್ಳೆಯನ್ನು ಕಂಕುಳಲ್ಲಿ ಇಟ್ಟುಕೊಂಡು ವಾಮದಪದವಿನ ಕಡೆಯ ಅಂಕಕ್ಕೆ ಹೋದ. ಸಂಜೆ ಬರಿಗೈಯಲ್ಲಿ ಬಂದ. ಬೆಲ್ಟು ಬಿಚ್ಚುತ್ತಾ ಒಳಕೋಣೆಗೆ ಬಾ ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ನಮ್ಮಲ್ಲಿ ಕೋಳಿ ಸೋತರೆ ನನಗೆ ಬರೆ. ಒಂಬತ್ತು ಏಟು. ಪ್ರತಿ ಏಟಿಗೂ ಒಂದೇ ಮಾತು, “ಸುಳ್ಳು ಗೆದ್ದಿ, ಸುಳ್ಳು ಗೆದ್ದಿ.” ಮುಂದಿನ ವಾರಕ್ಕೆ ಹೊಸ ಬೊಳ್ಳೆ ಬಂತು. ಮತ್ತೆ ಆಟ, ಮತ್ತೆ ನಾನು ಗೆದ್ದೆ, ಮತ್ತೆ ಬೆಲ್ಟು. ಬೆನ್ನಿನ ಚರ್ಮ ಒಡೆದು, ಶಾಲೆಯ ಅಂಗಿ ಅಂಟಿಕೊಂಡು, ಅಮ್ಮ ಬಿಸಿನೀರು ಹಾಕಿ ಬಿಡಿಸಬೇಕಾಯಿತು. ಹಾಗೆ ಬಿಡಿಸುವಾಗ ನಾನು ಅಳಲಿಲ್ಲ, ಲೆಕ್ಕ ಹಾಕುತ್ತಿದ್ದೆ. ಗೆದ್ದವರಿಗೆ ತಾನೇ ಪೆಟ್ಟು? ಸೋತವರನ್ನು ಅಪ್ಪ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಮೂರನೆಯ ಭಾನುವಾರ ನಾನು ಆ ಹಿಂದಕ್ಕೆ ಸರಿಯುವ ಗುಂಡಿಯ ಮೇಲಿಂದ ಹೆಬ್ಬೆರಳು ತೆಗೆದೆ. ಅಷ್ಟೇ ಮಾಡಿದ್ದು. ಯಾರಿಗೂ ಕಾಣದಷ್ಟು ಸಣ್ಣ ಕೆಲಸ. ಬಿಳಿಯವನು ನಿಂತಲ್ಲೇ ಒದೆ ತಿಂದ, ಅಂಗಾತ ಬಿದ್ದ. ದಿನು ಕೂತಲ್ಲಿಂದ ಹಾರಿದ. “ಗೆದ್ದೆ! ಅಕ್ಕನನ್ನು ಗೆದ್ದೆ!” ಎಂದು ಅಮ್ಮನ ಗೆರಸೆ ಮಗುಚಿ ಹಾಕಿ ಬೈಸಿಕೊಂಡ. ಅವತ್ತು ಕೆಮ್ಮೈರೆ ನಿಜಕ್ಕೂ ಗೆದ್ದು ಬಂತು. ಅಪ್ಪ ಕಲ್ಲಡ್ಕದ ಹೋಟೆಲಿನಿಂದ ಗೋಳಿಬಜೆ ಕಟ್ಟಿಸಿಕೊಂಡು ಬಂದು ದಿನುವಿನ ಕೈಗೆ ಕೊಟ್ಟ. ದಿನು ಅದರಲ್ಲಿ ಅರ್ಧ ನನಗೆ ಕೊಟ್ಟ, ಕೇಳದೆಯೇ ಕೊಟ್ಟ. ಮೊಟ್ಟೆಯ ಬಿಳಿಗೆ ಗೀರಾಡುತ್ತಿದ್ದ ಹುಡುಗ! ಗೆದ್ದವನ ದೊಡ್ಡತನ ಅದು. ನಾನು ತಿಂದೆ. ನನಗೆ ಹಸಿವೆ ಇತ್ತು, ತಿಂದೆ.

ಅಲ್ಲಿಂದ ಸುಮಾರು ಒಂದು ವರ್ಷ ನಾನು ಗೆಲ್ಲಲಿಲ್ಲ. ಪಂಚಾಂಗ ಸಂಶಯದಲ್ಲಿದ್ದಾಗ ಮಾತ್ರ ಎಂದು ಶುರುವಾದದ್ದು ಪ್ರತಿ ಅಂಕಕ್ಕೂ ಆಯಿತು. ಅಪ್ಪ ಸ್ನಾನ ಮಾಡಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಅದೇ ಊದುಬತ್ತಿಯನ್ನು ಟಿವಿಗೂ ಒಂದು ಸುತ್ತು ತಂದು, “ಆಡಿ” ಎನ್ನುತ್ತಿದ್ದ. ಆಡುವುದಿಲ್ಲ ಎನ್ನುವ ಹಾಗಿಲ್ಲ, ಬೆಲ್ಟು ಸೊಂಟದಲ್ಲೇ ಉಂಟು. ನಾನು ಸೋಲುತ್ತಿದ್ದೆ, ಕೆಮ್ಮೈರೆ ಹೋಗುತ್ತಿತ್ತು. ಕೆಮ್ಮೈರೆಗಳು ಸತ್ತವು, ಹೊಸ ಕೆಮ್ಮೈರೆಗಳು ಬಂದವು. ಆಮೇಲೆ ತಂದ ಬೊಳ್ಳೆ ಮಾತ್ರ ಅಂಕದ ಗದ್ದೆಯ ಮುಖವನ್ನೇ ನೋಡದೆ ಬುಟ್ಟಿಯೊಳಗೆ ಕೊಬ್ಬಿ, ಒಂದು ದೀಪಾವಳಿಗೆ ಅಮ್ಮನ ಪಾತ್ರೆಗೆ ಹೋಯಿತು. ಕೋಳಿ ಗೆದ್ದ ದಿನ ದಿನುವಿಗೆ ಗೋಳಿಬಜೆ, ಸೋತ ದಿನ ಬೆಲ್ಟು. ಸೋತ ದಿನಗಳೇ ಹೆಚ್ಚು. ಅವನ ತೊಡೆಯ ಮೇಲೆ ಹಳೆಯ ಬಾಸುಂಡೆ ಹಳದಿ ಆಗುವ ಮೊದಲು ಹೊಸದು ಏಳುತ್ತಿತ್ತು. ಆದರೂ ಭಾನುವಾರ ಬೆಳಿಗ್ಗೆ ರಿಮೋಟು ಹಿಡಿದರೆ ಅವನಿಗೆ ಸೋಲಬೇಕೆಂದು ಹೊಳೆಯಲಿಲ್ಲ. ನನಗೆ ಹೊಳೆದದ್ದು ಅವನಿಗೆ ಯಾಕೆ ಹೊಳೆಯಲಿಲ್ಲ ಎಂದು ನಾನು ಆಗ ಅವನನ್ನೇ ಪೆದ್ದ ಎಂದುಕೊಳ್ಳುತ್ತಿದ್ದೆ. ಎಂಥ ಕೆಟ್ಟ ಹುಡುಗಿ ಮಾರಾಯ್ರೆ ನಾನು!

ಕೊನೆಯ ಭಾನುವಾರದ ಕೋಳಿ ಅಪ್ಪ ಬೆಳ್ತಂಗಡಿಯ ಕಡೆಯಿಂದ ಹುಡುಕಿ ತಂದದ್ದು. ಎತ್ತರದ ಕೆಮ್ಮೈರೆ, ಕುತ್ತಿಗೆಯಲ್ಲಿ ಹೊಳಪು. ಎರಡು ತಿಂಗಳು ಅದಕ್ಕೆ ತನ್ನ ಕೈಯಾರೆ ಎಣ್ಣೆ ತಿಕ್ಕಿದ್ದ. ಬೆಳಿಗ್ಗೆ ಆಟ ಆಯಿತು, ನಾನು ಸೋತೆ. ಮಧ್ಯಾಹ್ನವೇ ಅಪ್ಪ ವಾಪಸು ಬಂದ. ಮೊದಲ ನೆಗೆತಕ್ಕೇ ಅದರ ಕರುಳು ಹೊರಗೆ ಬಂದಿತ್ತಂತೆ. ಅಂಗಿಯ ಎದೆಯಲ್ಲಿ ಕೋಳಿಯ ರಕ್ತ ಒಣಗಿತ್ತು. ದಿನು ಅಡಿಗೆಮನೆಯಲ್ಲಿ ಗಂಜಿ ಉಣ್ಣುತ್ತಿದ್ದ. ಅಪ್ಪ ಬೆಲ್ಟಿಗೆ ಕೈ ಹಾಕಲಿಲ್ಲ, ಒಳಗೆ ಬಾ ಎನ್ನಲೂ ಇಲ್ಲ. ಎದುರು ನಿಂತು ಹಂಚು ಒತ್ತುವ ಕೈಯನ್ನು ಬೀಸಿ ಅವನ ಕೆನ್ನೆಗೆ, ಕಿವಿಗೆ ಸೇರಿಸಿ ಹೊಡೆದ. ದಿನು ಗೋಡೆಗೆ ಬಡಿದು ಕೆಳಗೆ ಬಿದ್ದ. ಅಪ್ಪ ಎತ್ತಿ ನಿಲ್ಲಿಸಿ ಮತ್ತೆ ಅದೇ ಜಾಗಕ್ಕೆ ಹೊಡೆದ. ಮೂರನೆಯದಕ್ಕೆ ಎಡಗಿವಿಯಿಂದ ರಕ್ತ ಇಳಿದು ಗಂಜಿಯ ಬಟ್ಟಲಿಗೆ ಬಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ. ‘ನಾನು ಬೇಕಂತಲೇ ಸೋತದ್ದು, ನನಗೆ ಹೊಡಿ’ ಎಂಬ ಮಾತು ಬಾಯಿಯವರೆಗೆ ಬಂದಿತ್ತು. ನಾನು ಅದನ್ನು ನುಂಗಿದೆ.

ಅಮ್ಮ ಬೀಡಿ ಎಲೆ ಕತ್ತರಿಸುವ ಕತ್ತರಿ ಹಿಡಿದು ಎದ್ದು ಬಂದಳು. ಅಪ್ಪನ ಎದೆಗೆ ಅದರ ಮೊನೆ ಇಟ್ಟಳು. ಅಪ್ಪ ಅವಳನ್ನು ನೋಡಿದ. ಅಮ್ಮ ಕತ್ತರಿ ಇಳಿಸಿದಳು. ಅವಳು ತಿರುಗಿ ಒಳಕೋಣೆಗೆ ಹೋಗಿ ಟಿವಿ ಗೇಮಿನ ವೈರುಗಳನ್ನು ಕಚಕಚನೆ ಕತ್ತರಿಸಿದಳು, ಪೆಟ್ಟಿಗೆಯನ್ನು ಅರೆಯುವ ಕಲ್ಲಿನ ಮೇಲೆ ಇಟ್ಟು ಗುಂಡುಕಲ್ಲಿನಿಂದ ಜಜ್ಜಿದಳು. ಅಪ್ಪನನ್ನು ಕತ್ತರಿಸಲು ಆಗದೆ ವೈರು ಕತ್ತರಿಸಿದಳು. ಆಮೇಲೆ ದಿನುವನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದಳು. ಕಿವಿಯ ತಮಟೆ ಹರಿದಿದೆ, ಬಚ್ಚಲಲ್ಲಿ ಜಾರಿ ಬಿದ್ದನೋ ಎಂದು ಡಾಕ್ಟರು ಕೇಳಿದರಂತೆ. ಅಮ್ಮ ಹೌದು ಎಂದಳಂತೆ. ಆ ಕಿವಿ ಮತ್ತೆ ಕೇಳಲಿಲ್ಲ.

ಈಗ ಅಪ್ಪ ಇಲ್ಲ, ಅಮ್ಮನೂ ಇಲ್ಲ, ಲೈನ್ ಮನೆ ಇದ್ದಲ್ಲಿ ಹೆದ್ದಾರಿಯ ಅಂಗಡಿಸಾಲು ಉಂಟು. ದಿನು ಮೂಡಬಿದ್ರಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಮಹಡಿಯಲ್ಲಿ ಮನೆ. ಅವನ ಕೈ ಯಾರ ಮೇಲೂ ಏಳುವುದಿಲ್ಲ. ಕೋಪ ನನ್ನ ಪಾಲಿಗೆ ಬಂದದ್ದು. ಶಾಲೆಯಲ್ಲಿ ಒಮ್ಮೆ ಒಬ್ಬ ವಿದ್ಯಾರ್ಥಿನಿಯ ಕೂದಲು ಹಿಡಿದು ಗೋಡೆಯವರೆಗೆ ಎಳೆದು, ಗೋಡೆ ಕಂಡ ಮೇಲೆ ಬಿಟ್ಟವಳು ನಾನು. ಆಮೇಲೆ ಪಾಠ ಮಾಡುವಾಗೆಲ್ಲ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಸೀಮೆಸುಣ್ಣ, ಎರಡೂ ಕೈ ತುಂಬಿಕೊಂಡೇ ಇರುತ್ತೇನೆ. ದಿನುವಿಗೆ ಬಾಲ್ಯದ ನೆನಪೆಂದರೆ ಒಂದೇ, ಆ ಟಿವಿ ಗೇಮು. ಮದುವೆ, ಗೃಹಪ್ರವೇಶ, ಎಲ್ಲಿ ನಾಲ್ಕು ಜನ ಸೇರಿದರೂ “ಒಂದು ವರ್ಷ ಅಕ್ಕ ನನ್ನನ್ನು ಒಮ್ಮೆಯೂ ಸೋಲಿಸಿಲ್ಲ, ಗೊತ್ತುಂಟಾ?” ಎನ್ನುತ್ತಾನೆ. ಕಿವಿಯ ವಿಷಯ ಎತ್ತುವುದಿಲ್ಲ. ಆ ಗೆಲುವೊಂದೇ ಅವನ ಬಾಲ್ಯದಲ್ಲಿ ಉಳಿದ ಒಳ್ಳೆಯದು. ಅದು ಸುಳ್ಳೆಂದು ನನಗೊಬ್ಬಳಿಗೆ ಗೊತ್ತು. ಹೇಳಿದರೆ ಅದನ್ನೂ ಕಿತ್ತುಕೊಂಡ ಹಾಗೆ, ಹೇಳದಿದ್ದರೆ ದಿನವೂ ಅವನಿಗೆ ಮೋಸ ಮಾಡಿದ ಹಾಗೆ. ಮೂವತ್ತು ವರ್ಷ ನಾನು ಹೇಳಲಿಲ್ಲ.

ಕಳೆದ ವರ್ಷ ಫೋನು ಮಾಡಿದ.

“ಅಕ್ಕ, ಹಳೆ ಗೇಮೆಲ್ಲ ಇರುವ ಡಬ್ಬಿ ಸಿಕ್ಕಿದೆ. ನಮ್ಮ ಗೇಮು ಉಂಟು! ಆದ್ಯಾ ಜೊತೆ ಒಂದು ತಿಂಗಳಿಂದ ಆಡ್ತಾ ಇದ್ದೇನೆ. ನೀನು ಬಾ, ಆಡುವ.”

ಹೋದೆ. ಭಾನುವಾರ ಊಟ ಮುಗಿಸಿ ಕೂತೆವು. ಅವನ ಮಗಳು ಆದ್ಯಾ, ಆರನೆಯ ತರಗತಿಯವಳು, ನಮ್ಮಿಬ್ಬರ ನಡುವೆ ತುರುಕಿಕೊಂಡಳು. ಗೋಡೆ ತುಂಬ ದೊಡ್ಡ ಟಿವಿ. ಅದೇ ಟುಂಯ್ ಟುಂಯ್ ಸಂಗೀತ ಬಂದ ಕೂಡಲೇ ನನ್ನ ಬೆನ್ನಿನ ಚರ್ಮ ಬಿಗಿಯಿತು. ಎಡದಿಂದ ಬಿಳಿಯವನು ಬಂದ. ಬಲದಿಂದ ಇನ್ನೊಬ್ಬ ಬಂದ. ಅವನ ಅಂಗಿ ಹಸಿರು. ಗಿಳಿ ಹಸಿರು.

“ಇವನು ಹಸಿರಾ?” ಎಂದೆ.

“ಹೌದು ಮಾರಾಯ್ತಿ! ಮೊದಲ ದಿನ ನೋಡಿ ನನಗೂ ನಗು ತಡೀಲಿಕ್ಕೆ ಆಗ್ಲಿಲ್ಲ. ಹಸಿರು ಕೋಳಿ ಯಾವ ಪಂಚಾಂಗದಲ್ಲಿ ಉಂಟು ಹೇಳು!” ದಿನು ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅಷ್ಟೂ ಬೆಲ್ಟು, ಅಷ್ಟೂ ರಕ್ತ, ಇಲ್ಲದ ಒಂದು ಕೆಂಪಿಗೋಸ್ಕರ. ಥೂ. ನನಗೆ ನಗು ಬರಲಿಲ್ಲ.

“ಅತ್ತೆ, ನೀವು ಒಮ್ಮೆಯೂ ಗೆದ್ದಿಲ್ವಂತೆ, ಹೌದಾ?” ಎಂದಳು ಆದ್ಯಾ.

“ಕೇಳು ಕೇಳು. ಪೆಟ್ಟು ಸುಳ್ಳಿಗೆ ಬಿದ್ದದ್ದೇ ಆಗ್ಲಿ, ಗೆದ್ದದ್ದು ಸುಳ್ಳಲ್ಲ ಅಲ್ವಾ ಅಕ್ಕ?” ಎಂದು ದಿನು ಕಣ್ಣೊರೆಸಿಕೊಂಡ.

ಆ ಮಾತಿಗೆ ತಲೆ ಆಡಿಸಲು ನನ್ನಿಂದ ಆಗಲಿಲ್ಲ.

“ಆದ್ಯಾ, ಒಳಗೆ ಅಮ್ಮನ ಹತ್ತಿರ ಹೋಗು ಮಗಾ,” ಎಂದೆ. ಅವಳು ಹೋದ ಮೇಲೆ ಅವನ ಬಲಗಡೆಗೆ ಸರಿದು ಕೂತು ಹೇಳಿದೆ. ಗುಂಡಿಯಿಂದ ಹೆಬ್ಬೆರಳು ತೆಗೆದದ್ದು, ಗೆದ್ದವರಿಗೆ ಪೆಟ್ಟು ಎಂದು ಗೊತ್ತಿದ್ದೇ ತೆಗೆದದ್ದು, ಒಂದು ವರ್ಷ ತೆಗೆದದ್ದು, ಎಲ್ಲ. ದಿನು ಟಿವಿಯನ್ನೇ ನೋಡುತ್ತಿದ್ದ.

“ಆ ದಿನವೂ?” ಎಂದು ಕೇಳಿದ.

“ಆ ದಿನವೂ.”

ಅವನು ಟೀಪಾಯಿಗೆ ಒದ್ದ. ಚಹಾದ ಲೋಟಗಳು ಗೋಡೆಗೆ ಬಡಿದು ಚೂರಾದವು. ನನ್ನ ಮಣಿಕಟ್ಟು ಹಿಡಿದು ಮೂಳೆ ಕಿರುಗುಟ್ಟುವಷ್ಟು ತಿರುಚಿದ. ಅವನ ಬಲಗೈ ಮೇಲೆದ್ದಿತು. ನಾನು ಮುಖ ಮುಚ್ಚಿಕೊಳ್ಳಲಿಲ್ಲ. ಹೊಡಿ ಮಾರಾಯ, ಹೊಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅಡಿಗೆಮನೆಯಿಂದ ಅವನ ಹೆಂಡತಿ ಓಡಿ ಬಂದು ಬಾಗಿಲಲ್ಲೇ ನಿಂತಳು. ಎತ್ತಿದ ಕೈಯನ್ನು ದಿನು ಒಮ್ಮೆ ನೋಡಿದ, ಕೆಳಗೆ ಇಳಿಸಿದ. ರಿಮೋಟನ್ನು ನನ್ನ ಎದೆಗೆ ಬಡಿದು ಹೇಳಿದ:

“ಆಡು. ನಿಜಕ್ಕೆ ಆಡು.”

ಆಡಿದೆ. ದೇವರಾಣೆ, ನಿಜಕ್ಕೇ ಆಡಿದೆ. ಹಲ್ಲು ಕಚ್ಚಿ ತಡೆದೆ, ಒದ್ದೆ, ಬಿದ್ದವನು ಏಳುವ ಮೊದಲು ಮತ್ತೆ ಒದ್ದೆ. ಅವನ ಮೊಣಕೈ ನನ್ನ ಪಕ್ಕೆಗೆ ತಿವಿಯಿತು, ನಾನು ಭುಜದಿಂದ ಅವನನ್ನು ದೂಡಿದೆ. ನಲವತ್ತು ದಾಟಿದ ಇಬ್ಬರು ಚಾಪೆಯ ಮೇಲೆ ಏದುಸಿರು ಬಿಡುತ್ತಾ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದೆವು. ಮೂರು ಆಟ. ಮೂರನ್ನೂ ಸೋತೆ. ತಿಂಗಳಿಡೀ ಆಡಿ ಪಳಗಿದ ಕೈ ಅವನದ್ದು, ಸೀಮೆಸುಣ್ಣ ಹಿಡಿಯುವ ಬೆರಳು ನನ್ನದು. ಅದರಿಂದ ಹಳೆಯದೇನೂ ತೀರ್ಮಾನ ಆಗುವುದಿಲ್ಲ. ಅದು ನನಗೂ ಗೊತ್ತು, ಅವನಿಗೂ ಗೊತ್ತು.

ದಿನು ರಿಮೋಟು ಕೆಳಗಿಟ್ಟ.

“ನೋಡಿದ್ಯಾ? ನೀನು ನಿಜಕ್ಕೆ ಆಡಿದ್ರೂ ನಾನೇ ಗೆಲ್ತಿದ್ದೆ. ಪೆಟ್ಟು ಹೇಗೂ ನನಗೇ ಬೀಳ್ತಿತ್ತು. ಹೌದಲ್ವಾ?”

ನಾನು ಲೋಟದ ಚೂರು ಹೆಕ್ಕಲು ಕೈ ಚಾಚಿದೆ.

“ಹೂಂ ಅನ್ನು ಅಕ್ಕ.” ಅವನು ನನ್ನ ಕೆಂಪಾದ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. “ಒಮ್ಮೆ ಹೂಂ ಅನ್ನು, ಸಾಕು.”

ಹೂಂ ಅಂದರೆ ಅದು ಇನ್ನೊಂದು ಸುಳ್ಳು ಸೋಲು. ನಾನು ಅಲ್ಲಿಯವರೆಗೆ ಸೋತದ್ದೆಲ್ಲ ನನ್ನ ಚರ್ಮ ಉಳಿಸಿಕೊಳ್ಳಲು. ಅವನಿಗೋಸ್ಕರ ಸೋತದ್ದು ಅದೊಂದು ಸಲ.

“ಹೂಂ,” ಎಂದೆ. “ನೀನೇ ಗೆಲ್ತಿದ್ದೆ, ದಿನು.”